ಚೆಂಡಿನ ಮೇಲಿನ ಸಹಿಗೆ ಬೆಲೆ ಬಂದ ಕಥೆ

ಆಟಗಾರನೊಬ್ಬ ಒಳ್ಳೆಯವನೋ ಧಿಮಾಕಿನವನೋ ಅಂತ ತೀರ್ಮಾನಿಸಲು ನಮ್ಮ ಜನ ಇಟ್ಟುಕೊಂಡಿರುವ ಅಳತೆಗೋಲು ಒಂದೇ. ಆಟೋಗ್ರಾಫ್ ಕೇಳಿದಾಗ ಕೊಟ್ಟನೋ ಇಲ್ಲವೋ? ಕೊಟ್ಟರೆ "ಎಷ್ಟು ಸಿಂಪಲ್ ನೋಡಿ, ಒಂಚೂರೂ ಜಂಬ ಇಲ್ಲ". ಕೊಡದೆ ಹೋದರೆ "ದುಡ್ಡು ಬಂತಲ್ಲ, ತಲೆ ತಿರುಗಿದೆ". ಆಮೇಲೆ ಆತ ಎಷ್ಟು ರನ್ ಹೊಡೆದ, ಎಷ್ಟು ವಿಕೆಟ್ ತೆಗೆದ ಅನ್ನುವುದೆಲ್ಲ ಎರಡನೇ ಮಾತು. ಆ ಅರ್ಧ ನಿಮಿಷದಲ್ಲಿ ಆತನ ಇಡೀ ಗುಣನಡತೆಯ ಲೆಕ್ಕ ಮುಗಿದುಹೋಗಿರುತ್ತದೆ.

ಈ ಅಳತೆಗೋಲು ಎಷ್ಟು ಸರಿ ಅಂತ ನನಗೆ ಬಹಳ ದಿನದಿಂದ ಅನುಮಾನ. ಅದಕ್ಕೆ ಕಾರಣ ಅಮೆರಿಕದ ಬೇಸ್‌ಬಾಲ್. ಆ ಆಟವನ್ನು ನೋಡುವುದಕ್ಕಿಂತ ಅದರ ಸುತ್ತ ಹುಟ್ಟಿಕೊಂಡ ಕಥೆಗಳನ್ನು ಓದುವುದು ನನಗೆ ಹೆಚ್ಚು ಇಷ್ಟ. ನೂರು ವರ್ಷಗಳಿಂದ ಅಲ್ಲಿಯ ಮಕ್ಕಳು ಆಟಗಾರರ ಹತ್ತಿರ ಚೆಂಡು, ಕಾರ್ಡು, ಚೀಟಿ ಹಿಡಿದು ನಿಲ್ಲುತ್ತಲೇ ಬಂದಿದ್ದಾರೆ. ಆಟಗಾರರು ಕೆಲವೊಮ್ಮೆ ನಕ್ಕು ಸಹಿ ಹಾಕಿದ್ದಾರೆ, ಕೆಲವೊಮ್ಮೆ ಮುಖ ತಿರುಗಿಸಿ ನಡೆದಿದ್ದಾರೆ, ಕೆಲವೊಮ್ಮೆ ದುಡ್ಡು ಎಣಿಸಿಕೊಂಡು ಬರೆದುಕೊಟ್ಟಿದ್ದಾರೆ. ಈ ಚರಿತ್ರೆಯನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು. ಬದಲಾಗಿದ್ದು ಆಟಗಾರರ ಗುಣವಲ್ಲ, ಆ ಸಹಿಯ ಬೆಲೆ. ಬೆಲೆ ಇಲ್ಲದಿದ್ದಾಗ ಅದು ಇಬ್ಬರ ನಡುವಿನ ವಿಷಯವಾಗಿತ್ತು. ಬೆಲೆ ಬಂದ ಮೇಲೆ ನಡುವೆ ಮೂರನೆಯವನೊಬ್ಬ ಬಂದು ನಿಂತ.

(ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು. 'ಹೋಂ ರನ್' ಅಂದರೆ ಸದ್ಯಕ್ಕೆ ನಮ್ಮ ಸಿಕ್ಸರ್ ಅಂದುಕೊಳ್ಳಿ. ಈ ಬರಹಕ್ಕೆ ಅಷ್ಟು ಸಾಕು.)

ಶುರು ಮಾಡಬೇಕಾದದ್ದು ಬೇಬ್ ರೂತ್‌ನಿಂದ. 1920ರ ದಶಕದ ಅಮೆರಿಕದಲ್ಲಿ ಆತನಷ್ಟು ಹೆಸರಾದ ಆಟಗಾರ ಇನ್ನೊಬ್ಬನಿರಲಿಲ್ಲ. ಕುಡಿತ, ತಿಂಡಿಪೋತತನ, ಶಿಸ್ತಿಲ್ಲದ ಬದುಕು, ಎಲ್ಲದಕ್ಕೂ ಹೆಸರಾಗಿದ್ದ ಮನುಷ್ಯ. ಆದರೆ ಮಕ್ಕಳು ಚೆಂಡು ಚಾಚಿದರೆ ಇಲ್ಲ ಅನ್ನುತ್ತಿದ್ದವನಲ್ಲ. ಆ ಕಾಲದ ಫೋಟೋಗಳಲ್ಲಿ ಹುಡುಗರ ಗುಂಪಿನ ನಡುವೆ ಪೆನ್ನು ಹಿಡಿದು ನಿಂತ ರೂತ್ ಮತ್ತೆ ಮತ್ತೆ ಕಾಣಿಸುತ್ತಾನೆ.

1926ರಲ್ಲಿ ನ್ಯೂಜೆರ್ಸಿ ರಾಜ್ಯದ ಎಸೆಕ್ಸ್ ಫೆಲ್ಸ್ ಎಂಬ ಊರಿನಲ್ಲಿ ಜಾನಿ ಸಿಲ್ವೆಸ್ಟರ್ ಅಂತ 11 ವರ್ಷದ ಹುಡುಗ ಕಾಯಿಲೆ ಬಿದ್ದು ಮಲಗಿದ್ದ. ಆಗ ಯಾಂಕೀಸ್ ಮತ್ತು ಸೇಂಟ್ ಲೂಯಿ ಕಾರ್ಡಿನಲ್ಸ್ ತಂಡಗಳ ನಡುವೆ ವರ್ಲ್ಡ್ ಸೀರೀಸ್ ನಡೆಯುತ್ತಿತ್ತು. ಮನೆಯವರ ಕೋರಿಕೆಯ ಮೇರೆಗೆ ಎರಡೂ ತಂಡದ ಆಟಗಾರರು ಸಹಿ ಹಾಕಿದ ಚೆಂಡುಗಳು ವಿಮಾನದ ಅಂಚೆಯಲ್ಲಿ ಹುಡುಗನ ಹಾಸಿಗೆಗೆ ಬಂದವು. ಒಂದರ ಮೇಲೆ ರೂತ್, ಬುಧವಾರದ ಆಟದಲ್ಲಿ ನಿನಗಾಗಿ ಹೋಂ ರನ್ ಹೊಡೆಯುತ್ತೇನೆ ಎಂಬ ಅರ್ಥದ ಮಾತು ಬರೆದಿದ್ದ. ಅಕ್ಟೋಬರ್ 6ರ ಬುಧವಾರ ಆತ ಹೊಡೆದದ್ದು ಒಂದಲ್ಲ, ಮೂರು! ವರ್ಲ್ಡ್ ಸೀರೀಸ್‌ನ ಒಂದೇ ಆಟದಲ್ಲಿ ಮೂರು ಹೋಂ ರನ್ ಅದುವರೆಗೆ ಯಾರೂ ಹೊಡೆದಿರಲಿಲ್ಲ. ಸೀರೀಸ್ ಮುಗಿದ ಮೇಲೆ ರೂತ್ ಆ ಹುಡುಗನ ಮನೆಗೇ ಹೋಗಿ ನೋಡಿಕೊಂಡು ಬಂದ.

ಹುಡುಗ ಚೇತರಿಸಿಕೊಂಡ. ಹೋಂ ರನ್‌ನಿಂದಲೇ ಜೀವ ಉಳಿಯಿತು ಅಂತ ಪತ್ರಿಕೆಗಳು ಉಪ್ಪು ಖಾರ ಹಚ್ಚಿ ಬರೆದವು. ಅದನ್ನು ನಂಬಬೇಕಾಗಿಲ್ಲ. ಆದರೆ ಚೆಂಡು ನಿಜ, ಮೂರು ಹೋಂ ರನ್ ನಿಜ, ಮನೆಗೆ ಹೋಗಿದ್ದೂ ನಿಜ. 1947ರಲ್ಲಿ ರೂತ್ ಕಾಯಿಲೆಯಿಂದ ಸೊರಗಿ ಕೂತಿದ್ದಾಗ, ಬೆಳೆದು ದೊಡ್ಡವನಾಗಿದ್ದ ಅದೇ ಜಾನಿ ಆತನನ್ನು ನೋಡಲು ಹೋದ. ಮರುವರ್ಷ ರೂತ್ ತೀರಿಕೊಂಡ. ಜಾನಿ ಸಿಲ್ವೆಸ್ಟರ್ ಬದುಕಿದ್ದು 1990ರವರೆಗೆ.

ಆ ಚೆಂಡನ್ನು ಬರೆದುಕೊಟ್ಟಾಗ ಅದನ್ನು ಮಾರಬಹುದು ಎಂಬ ಯೋಚನೆ ಕೊಟ್ಟವನಿಗೂ ಬಂದಿರಲಾರದು, ಪಡೆದವನಿಗೂ ಬಂದಿರಲಾರದು. ನಮ್ಮಲ್ಲಿ ಹೈಸ್ಕೂಲು ಮುಗಿಯುವ ವಾರದಲ್ಲಿ ಬಣ್ಣಬಣ್ಣದ ಹಾಳೆಯ ಆಟೋಗ್ರಾಫ್ ಪುಸ್ತಕ ಕೈಯಿಂದ ಕೈಗೆ ಓಡಾಡುತ್ತಿತ್ತಲ್ಲ, ಹೆಚ್ಚು ಕಡಿಮೆ ಹಾಗೆ. ನಾವಿಬ್ಬರೂ ಎದುರುಬದುರಾಗಿದ್ದೆವು ಅನ್ನುವುದಕ್ಕೆ ಒಂದು ಗುರುತು, ಅಷ್ಟೆ.

ಹಾಗಂತ ಹಳೆಯ ಕಾಲದಲ್ಲಿ ಎಲ್ಲರೂ ರೂತ್‌ನ ಹಾಗೇ ಇದ್ದರು ಅಂದುಕೊಳ್ಳಬೇಡಿ. ಟೆಡ್ ವಿಲಿಯಮ್ಸ್ ಅಂತ ಒಬ್ಬನಿದ್ದ. ಬಾಸ್ಟನ್ ರೆಡ್ ಸಾಕ್ಸ್ ತಂಡದವನು. 1941ರಲ್ಲಿ ಆತನ ಬ್ಯಾಟಿಂಗ್ ಸರಾಸರಿ .406. ಅಮೆರಿಕನ್ ಮತ್ತು ನ್ಯಾಷನಲ್ ಲೀಗುಗಳಲ್ಲಿ .400 ಅನ್ನು ಅವತ್ತಿನಿಂದ ಇವತ್ತಿನವರೆಗೆ ಬೇರೆ ಯಾರೂ ಮುಟ್ಟಿಲ್ಲ. ಬಾಸ್ಟನ್ನಿನ ಪ್ರೇಕ್ಷಕರು ಒಮ್ಮೆ ಚಪ್ಪಾಳೆ ತಟ್ಟಿ ಮರುದಿನವೇ ಬೈದರು ಅಂತ ಆತನಿಗೆ ಸಿಟ್ಟು. ಚಪ್ಪಾಳೆಗೆ ಪ್ರತಿಯಾಗಿ ಟೋಪಿ ಎತ್ತುವುದು ಅಲ್ಲಿನ ವಾಡಿಕೆ. ಇನ್ನು ಮೇಲೆ ಟೋಪಿ ಎತ್ತುವುದಿಲ್ಲ ಅಂತ ಶಪಥ ಮಾಡಿದವನು ಇಪ್ಪತ್ತು ವರ್ಷ ಎತ್ತಲೇ ಇಲ್ಲ.

1960ರ ಸೆಪ್ಟೆಂಬರ್ 28ರಂದು ಫೆನ್‌ವೇ ಪಾರ್ಕಿನಲ್ಲಿ ಆತನ ಕೊನೆಯ ಆಟ. ಹತ್ತು ಸಾವಿರ ಚಿಲ್ಲರೆ ಜನ ಇದ್ದರು. ಕೊನೆಯ ಸಲ ಬ್ಯಾಟ್ ಹಿಡಿದು ಬಂದವನು ಹೋಂ ರನ್ ಹೊಡೆದ. ಆತನ 521ನೆಯದು. ಜನ ಎದ್ದು ನಿಂತು ಕೂಗಿದರು, ಹೊರಗೆ ಬಾ ಅಂತ ಕರೆದರು. ಆತ ಬರಲಿಲ್ಲ. ಟೋಪಿ ಎತ್ತಲಿಲ್ಲ. ಅವತ್ತು ಪ್ರೇಕ್ಷಕರ ನಡುವೆ ಕೂತಿದ್ದ ಸಾಹಿತಿ ಜಾನ್ ಅಪ್‌ಡೈಕ್ 'ನ್ಯೂಯಾರ್ಕರ್' ಪತ್ರಿಕೆಗೆ ಅದರ ಬಗ್ಗೆ ಬರೆದ. ಆ ನಿರಾಕರಣೆಯನ್ನು ದೂರುವುದಕ್ಕಿಂತ ಅರ್ಥ ಮಾಡಿಕೊಳ್ಳಲು ನೋಡಿದ ಬರಹ ಅದು. ಕ್ರೀಡೆಯ ಬಗ್ಗೆ ಬಂದ ಅತ್ಯುತ್ತಮ ಬರಹಗಳಲ್ಲಿ ಒಂದು ಅಂತ ಈಗಲೂ ಹೆಸರಾಗಿದೆ.

ನಮ್ಮ ಅಳತೆಗೋಲಿನಲ್ಲಿ ವಿಲಿಯಮ್ಸ್ ಫೇಲ್. ಆದರೆ ಇದೇ ಮನುಷ್ಯ ಬಾಸ್ಟನ್ನಿನಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳಿಗಾಗಿ ಹುಟ್ಟಿದ 'ಜಿಮ್ಮಿ ಫಂಡ್'ಗಾಗಿ ದಶಕಗಟ್ಟಲೆ ದುಡಿದ. ಆಸ್ಪತ್ರೆಗೆ ಹೋಗಿ ಮಕ್ಕಳ ಹಾಸಿಗೆಯ ಪಕ್ಕ ಕೂರುತ್ತಿದ್ದ. ಆತ ಹಾಕುತ್ತಿದ್ದ ಷರತ್ತು ಒಂದೇ. ಪತ್ರಿಕೆಯವರು ಬರಬಾರದು, ಫೋಟೋ ಬೇಡ, ಸುದ್ದಿಯೂ ಬೇಡ. ಮೈದಾನದಲ್ಲಿ ಹತ್ತು ಸಾವಿರ ಜನರಿಗೆ ಟೋಪಿ ಎತ್ತದವನು, ಯಾರೂ ನೋಡದ ಕಡೆ ಒಂದು ಮಗುವಿನ ಎದುರು ತಲೆ ತಗ್ಗಿಸಿ ಕೂತಿರುತ್ತಿದ್ದ. ಈತನಿಗೆ ಧಿಮಾಕು ಅನ್ನುತ್ತೀರಾ?

ಇನ್ನೊಬ್ಬ ಬಾಸ್ಟನ್ನಿನವನ ಕಥೆ ಇದಕ್ಕಿಂತ ಕಹಿ. ಆಟ ಬೇರೆ, ಬ್ಯಾಸ್ಕೆಟ್‌ಬಾಲ್. ಬಿಲ್ ರಸೆಲ್, ಬಾಸ್ಟನ್ ಸೆಲ್ಟಿಕ್ಸ್ ಪರ 13 ವರ್ಷ ಆಡಿ 11 ಚಾಂಪಿಯನ್‌ಶಿಪ್ ಗೆದ್ದವನು. ಆಟೋಗ್ರಾಫ್ ಕೇಳಿದರೆ ಆತ ನೇರವಾಗಿ ಇಲ್ಲ ಅನ್ನುತ್ತಿದ್ದ. ಬೇಕಾದರೆ ಕೈ ಕುಲುಕೋಣ, ಎರಡು ಮಾತಾಡೋಣ ಅನ್ನುತ್ತಿದ್ದ. ಜೊತೆಗೆ ಆಡಿದವರಿಗೂ ಸಹಿ ಕೊಡದವನು ಅಂತ ಹೆಸರು.

ಏಕೆ? ರಸೆಲ್ ಕಪ್ಪು ಜನಾಂಗದವನು. ಬಾಸ್ಟನ್ನಿಗೆ ಹತ್ತಿರದ ರೀಡಿಂಗ್ ಎಂಬ ಊರಿನಲ್ಲಿ ಆತನ ಮನೆಯಿತ್ತು. ಮನೆಯವರು ಇಲ್ಲದಾಗ ಯಾರೋ ಬಾಗಿಲು ಒಡೆದು ನುಗ್ಗಿ ವಸ್ತುಗಳನ್ನೆಲ್ಲ ಒಡೆದುಹಾಕಿ, ಗೋಡೆಯ ಮೇಲೆ ಜನಾಂಗದ ಹೆಸರು ಹಿಡಿದು ಬೈಗುಳ ಬರೆದು, ಹಾಸಿಗೆಯಲ್ಲಿ ಮಲವಿಸರ್ಜನೆ ಮಾಡಿ ಹೋಗಿದ್ದರು. 1987ರಲ್ಲಿ ಆತನ ಮಗಳು ಕ್ಯಾರೆನ್ ಇದನ್ನು 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಬರೆದಳು. ಹೊರಗೆ ಹೋದರೆ ಸಹಿ ಕೇಳುವುದೂ ಆ ಸೀಮೆಯ ಜನರೇ, ಮನೆಗೆ ನುಗ್ಗಿದ್ದೂ ಆ ಸೀಮೆಯ ಜನರೇ. ಚೀಟಿ ಚಾಚಿದ ಕೈ ಯಾವುದು, ಗೋಡೆಯ ಮೇಲೆ ಗೀಚಿದ ಕೈ ಯಾವುದು ಅಂತ ಆತ ಹೇಗೆ ಗುರುತಿಸಬೇಕಿತ್ತು? ನನ್ನ ಹೆಸರು ಬೇಕು, ನಾನು ಬೇಡ ಅನ್ನುವವರಿಗೆ ಹೆಸರನ್ನೇ ಕೊಡದಿರುವುದು ನನಗಂತೂ ನ್ಯಾಯವಾಗಿಯೇ ಕಾಣುತ್ತದೆ. 1972ರಲ್ಲಿ ಸೆಲ್ಟಿಕ್ಸ್ ತಂಡ ಆತನ ಗೌರವಾರ್ಥ 6ನೇ ನಂಬರಿನ ಜರ್ಸಿಯನ್ನು ನಿವೃತ್ತಿಗೊಳಿಸಿದಾಗ, ಪ್ರೇಕ್ಷಕರನ್ನು ಒಳಗೆ ಬಿಡುವ ಮುಂಚೆಯೇ ಆ ಕಾರ್ಯಕ್ರಮ ಮುಗಿಸಬೇಕು ಅಂತ ಹಟ ಹಿಡಿದ. ಖಾಲಿ ಕುರ್ಚಿಗಳ ಎದುರು ಅದು ನಡೆಯಿತು. 1999ರಲ್ಲಿ ಅದನ್ನೇ ಜನರ ಎದುರು ಮತ್ತೊಮ್ಮೆ ಮಾಡಿದಾಗ ಆತ ಬಂದ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ರಸೆಲ್ ತೀರಿಕೊಂಡದ್ದು 2022ರಲ್ಲಿ.

ಬೇಸ್‌ಬಾಲಿಗೆ ವಾಪಸು ಬಂದರೆ ಹ್ಯಾಂಕ್ ಆರನ್ ಇದ್ದಾನೆ. ರೂತ್‌ನ 714 ಹೋಂ ರನ್‌ಗಳ ದಾಖಲೆಯನ್ನು ಕಪ್ಪು ಆಟಗಾರನೊಬ್ಬ ಮುರಿಯಲು ಹೊರಟಾಗ, 1973ರ ಒಂದೇ ವರ್ಷ ಆತನಿಗೆ ಬಂದ ಪತ್ರಗಳು ಸುಮಾರು 9 ಲಕ್ಷ 30 ಸಾವಿರ. ಸಹಿ ಕೇಳುವ ಮಕ್ಕಳ ಪತ್ರಗಳ ನಡುವೆಯೇ ಕೊಲ್ಲುತ್ತೇವೆ ಅನ್ನುವ ಪತ್ರಗಳೂ ಇದ್ದವು. 1974ರ ಏಪ್ರಿಲ್ 8ರಂದು ಆತ ದಾಖಲೆ ಮುರಿದ. ಆ ದ್ವೇಷದ ಪತ್ರಗಳನ್ನು ಎಸೆಯದೆ ಕೊನೆಯವರೆಗೂ ಇಟ್ಟುಕೊಂಡಿದ್ದ.

ಇಲ್ಲಿಯವರೆಗೆ ಕೊಡುವುದಕ್ಕೂ ಕೊಡದಿರುವುದಕ್ಕೂ ಕಾರಣ ಮನುಷ್ಯರ ನಡುವಿನದ್ದು. ಸಿಟ್ಟು, ಪ್ರೀತಿ, ಅವಮಾನ, ಸಮಯ. ಇನ್ನು ದುಡ್ಡಿನ ಕಥೆ.

1970ರ ದಶಕದವರೆಗೆ ಅಮೆರಿಕದ ಬೇಸ್‌ಬಾಲ್ ಆಟಗಾರರು ಒಂದು ಬಗೆಯ ಜೀತದಲ್ಲಿದ್ದರು ಅಂದರೆ ಸ್ವಲ್ಪ ಹೆಚ್ಚಾಯಿತು, ಆದರೆ ತೀರಾ ಸುಳ್ಳಲ್ಲ. ಒಪ್ಪಂದದ ಒಂದು ಷರತ್ತಿನ ಪ್ರಕಾರ ತಂಡ ಬಿಡುವವರೆಗೆ ಆಟಗಾರ ಬೇರೆ ಕಡೆ ಹೋಗುವಂತಿರಲಿಲ್ಲ. ಅವರು ಕೊಟ್ಟಷ್ಟು ತೆಗೆದುಕೊಳ್ಳಬೇಕು. 1967ರಲ್ಲಿ ಕನಿಷ್ಠ ಸಂಬಳ ವರ್ಷಕ್ಕೆ 6000 ಡಾಲರ್. ಇದರ ವಿರುದ್ಧ ಕರ್ಟ್ ಫ್ಲಡ್ ಎಂಬ ಆಟಗಾರ ಕೋರ್ಟಿಗೆ ಹೋಗಿ 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ. 1975ರ ಡಿಸೆಂಬರಿನಲ್ಲಿ ಒಬ್ಬ ಮಧ್ಯಸ್ಥಗಾರ ಆಟಗಾರರ ಪರ ತೀರ್ಪು ಕೊಟ್ಟ ಮೇಲೆ ಕಟ್ಟು ಬಿಚ್ಚಿತು. ಆಮೇಲೆ ಬಂದವರಿಗೆ ಲಕ್ಷಗಳು, ಕೋಟಿಗಳು. ಮುಂಚೆಯೇ ಆಡಿ ಮುಗಿಸಿದವರಿಗೆ ನೆನಪುಗಳು ಮಾತ್ರ.

ಮಿಕಿ ಮ್ಯಾಂಟಲ್ ಆ ಕಾಲದ ಅತಿ ದೊಡ್ಡ ಹೆಸರು. ಆತನ ಗರಿಷ್ಠ ಸಂಬಳ ವರ್ಷಕ್ಕೆ ಒಂದು ಲಕ್ಷ ಡಾಲರ್. 1969ರಲ್ಲಿ ನಿವೃತ್ತನಾದ ಮೇಲೆ ಮಾಡಲು ಕೆಲಸವಿರಲಿಲ್ಲ. 1983ರಲ್ಲಿ ಅಟ್ಲಾಂಟಿಕ್ ಸಿಟಿಯ ಒಂದು ಕ್ಯಾಸಿನೋದಲ್ಲಿ ಬಂದ ಗಿರಾಕಿಗಳ ಜೊತೆ ಗಾಲ್ಫ್ ಆಡುವ, ನಗುನಗುತ್ತ ಕೈ ಕುಲುಕುವ ನೌಕರಿಗೆ ಸೇರಿದ. ಅದಕ್ಕೂ ಮುಂಚೆ, 1979ರಲ್ಲಿ, ಇನ್ನೊಬ್ಬ ದಿಗ್ಗಜ ವಿಲಿ ಮೇಸ್ ಇದೇ ರೀತಿಯ ಕೆಲಸ ಹಿಡಿದಿದ್ದ. ಜೂಜಿನ ಸಂಬಂಧ ಇದೆ ಅಂತ ಬೇಸ್‌ಬಾಲ್ ಕಮಿಷನರ್ ಇಬ್ಬರನ್ನೂ ಆಟದ ಅಧಿಕೃತ ಕೆಲಸಗಳಿಂದ ಹೊರಗಿಟ್ಟ. 1985ರಲ್ಲಿ ಹೊಸ ಕಮಿಷನರ್ ಬಂದು ಆ ನಿಷೇಧ ತೆಗೆದ.

ಅಷ್ಟರಲ್ಲಿ ಹೊಸ ಮಾರುಕಟ್ಟೆಯೊಂದು ಹುಟ್ಟಿಕೊಂಡಿತ್ತು. ಚಿಕ್ಕಂದಿನಲ್ಲಿ ಮ್ಯಾಂಟಲ್‌ನ ಆಟ ನೋಡಿದ್ದ ಹುಡುಗರು ಈಗ ನಲವತ್ತರ ಆಸುಪಾಸಿನ ಸಂಬಳದಾರರು. ಹೋಟೆಲ್ ಹಾಲುಗಳಲ್ಲಿ 'ಕಾರ್ಡ್ ಶೋ'ಗಳು ನಡೆಯತೊಡಗಿದವು. ಟಿಕೆಟ್ ತೆಗೆದುಕೊಂಡು ಸಾಲಿನಲ್ಲಿ ನಿಲ್ಲಬೇಕು. ಮೇಜಿನ ಹಿಂದೆ ಹಳೆಯ ಹೀರೋ ಕೂತಿರುತ್ತಾನೆ, ಸಹಿ ಹಾಕಿ ಮುಂದಕ್ಕೆ ತಳ್ಳುತ್ತಾನೆ. ಮುಂದಿನವರು ಬನ್ನಿ. ಮ್ಯಾಂಟಲ್ ಹದಿನೆಂಟು ವರ್ಷ ಆಡಿ ಗಳಿಸಿದ್ದಕ್ಕಿಂತ ಹೆಚ್ಚನ್ನು ಹೀಗೆ ಕೂತು ಗಳಿಸಿದ. ಇನ್ನೊಬ್ಬ ದೊರೆ ಜೋ ಡಿಮಾಜಿಯೊ ಇದರಲ್ಲಿ ಪಕ್ಕಾ ಲೆಕ್ಕಾಚಾರದವನು. ಯಾವುದರ ಮೇಲೆ ಸಹಿ ಹಾಕುತ್ತೇನೆ, ಯಾವುದರ ಮೇಲೆ ಇಲ್ಲ ಅಂತ ಕಟ್ಟುನಿಟ್ಟು. ಆತನ ಕೀರ್ತಿಯ ವರ್ಷ 1941. ಅದನ್ನು ನೆನಪಿಸಲು 1990ರ ದಶಕದಲ್ಲಿ ಒಂದು ಕಂಪನಿಗಾಗಿ ಸರಿಯಾಗಿ 1941 ಬ್ಯಾಟುಗಳಿಗೆ ಸಹಿ ಹಾಕುವ ಒಪ್ಪಂದ ಮಾಡಿಕೊಂಡ!

ಇದನ್ನು ದುರಾಸೆ ಅಂತ ಬೈಯುವುದು ಸುಲಭ. ಆದರೆ ಯೋಚಿಸಿ. ಇವರ ಬೆವರಿನಿಂದ ತಂಡದ ಒಡೆಯರು ದುಡ್ಡು ಮಾಡಿದರು, ಇವರ ಮುಖ ಅಚ್ಚಾದ ಕಾರ್ಡುಗಳಿಂದ ವ್ಯಾಪಾರಿಗಳು ದುಡ್ಡು ಮಾಡಿದರು. ಕೊನೆಗೆ ತನ್ನದೇ ಕೈ, ತನ್ನದೇ ಹೆಸರು ಮಾರಿಕೊಂಡಾಗ ಮಾತ್ರ ನಮಗೆ ಕಸಿವಿಸಿ ಯಾಕೆ?

ಕಸಿವಿಸಿಗೆ ಕಾರಣ ಬೇರೆ ಇದೆ. ಬೆಲೆ ಬಂದ ಕೂಡಲೇ ಪುಕ್ಕಟೆ ಸಹಿಯ ಅರ್ಥವೂ ಬದಲಾಯಿತು. ಚೆಂಡಿನ ಮೇಲೆ ಹೊಲಿಗೆಗಳು ಅತಿ ಹತ್ತಿರ ಬರುವ ಕಡೆ ಒಂದು ಸಣ್ಣ ಜಾಗ ಇದೆ. ಒಬ್ಬನೇ ಆಟಗಾರನ ಸಹಿ ಅಲ್ಲಿದ್ದರೆ ಅತಿ ಹೆಚ್ಚು ಬೆಲೆ. 'ಇಂಥವರಿಗೆ ಪ್ರೀತಿಯಿಂದ' ಅಂತ ಹೆಸರು ಬರೆಸಿಕೊಂಡರೆ ಬೆಲೆ ಕಡಿಮೆ, ಯಾಕೆಂದರೆ ಇನ್ನೊಬ್ಬರ ಹೆಸರಿರುವ ಚೆಂಡು ಯಾರಿಗೆ ಬೇಕು? ಹೀಗಾಗಿ ಆಟಗಾರರು ಒಂದು ಪರೀಕ್ಷೆ ಕಂಡುಕೊಂಡರು. "ನಿನ್ನ ಹೆಸರೇನಪ್ಪಾ?" ಹೆಸರು ಹೇಳಿದವನು ಅಭಿಮಾನಿ. "ಹೆಸರು ಬೇಡ ಸಾರ್, ಬರೀ ಸಹಿ ಸಾಕು" ಅಂದವನು ವ್ಯಾಪಾರಿ. ವ್ಯಾಪಾರಿಗಳೇನು ಕಡಿಮೆಯೇ? ಮಕ್ಕಳ ಕೈಗೆ ಹೊಸ ಚೆಂಡು ಕೊಟ್ಟು, ಒಂದು ಸಹಿಗೆ ಇಷ್ಟು ಅಂತ ಚಿಲ್ಲರೆ ಕೊಟ್ಟು ಕಳಿಸತೊಡಗಿದರು. ಆಟಗಾರನಿಗೆ ಈಗ ಮಗುವಿನ ಮೇಲೂ ಅನುಮಾನ. ನಿಜವಾದ ಅಭಿಮಾನಿ ಮಗು ಬೆಪ್ಪಾಗಿ ನಿಂತಿರುತ್ತದೆ, ತಾನೇನು ತಪ್ಪು ಮಾಡಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಅಲ್ಲಿಂದ ಮುಂದಿನದ್ದು ಕೋರ್ಟು ಕಚೇರಿ. ಕಾರ್ಡ್ ಶೋಗಳಲ್ಲಿ ಸಂಭಾವನೆ ಬಹಳ ಕಡೆ ನಗದಾಗಿ ಸಿಗುತ್ತಿತ್ತು. ನಗದನ್ನು ಮರೆಯುವುದು ಸುಲಭ. 4256 ಹಿಟ್‌ಗಳ ದಾಖಲೆ ಇರುವ ಪೀಟ್ ರೋಸ್ ಬೆಟ್ಟಿಂಗ್ ಹಗರಣದಲ್ಲಿ 1989ರಲ್ಲಿ ಆಟದಿಂದ ನಿಷೇಧಕ್ಕೊಳಗಾದ. ಮರುವರ್ಷ, ಆಟೋಗ್ರಾಫ್, ನೆನಪಿನ ವಸ್ತುಗಳ ಮಾರಾಟ ಮತ್ತು ಕುದುರೆ ಜೂಜಿನ ಆದಾಯವನ್ನು ತೆರಿಗೆ ಲೆಕ್ಕದಲ್ಲಿ ತೋರಿಸದಿದ್ದಕ್ಕೆ ಐದು ತಿಂಗಳ ಜೈಲು. 1995ರಲ್ಲಿ ಡ್ಯೂಕ್ ಸ್ನೈಡರ್ ಮತ್ತು ವಿಲಿ ಮೆಕೋವಿ ಇಬ್ಬರೂ ಇಂಥದೇ ತಪ್ಪು ಒಪ್ಪಿಕೊಂಡರು. ಇಬ್ಬರೂ ಹಾಲ್ ಆಫ್ ಫೇಮ್‌ನಲ್ಲಿ ಇರುವವರು, ಜನರ ಪ್ರೀತಿ ಗಳಿಸಿದ್ದವರು. ಜೈಲು ತಪ್ಪಿತು, ದಂಡ ಬಿತ್ತು. ಮೆಕೋವಿಗೆ 2017ರ ಜನವರಿಯಲ್ಲಿ ಅಧ್ಯಕ್ಷ ಒಬಾಮಾ ಕ್ಷಮಾದಾನ ಕೊಟ್ಟರು.

ರೋಸ್ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನ್ ಊರಿನಲ್ಲಿ ಪ್ರತಿ ವರ್ಷ ಹೊಸಬರನ್ನು ಸೇರಿಸಿಕೊಳ್ಳುವ ಸಮಾರಂಭ ನಡೆಯುತ್ತದೆ. ಒಳಗೆ ಪ್ರವೇಶವಿಲ್ಲದ ರೋಸ್ ಅದೇ ಊರಿನ ಮುಖ್ಯ ಬೀದಿಯ ಅಂಗಡಿಯಲ್ಲಿ ಮೇಜು ಹಾಕಿಕೊಂಡು ದುಡ್ಡಿಗೆ ಸಹಿ ಹಾಕುತ್ತ ಕೂರುತ್ತಿದ್ದ. ಬೆಟ್ಟಿಂಗ್ ಮಾಡಿದ್ದಕ್ಕೆ ಕ್ಷಮೆ ಕೋರುವ ವಾಕ್ಯ ಬರೆದು ಸಹಿ ಮಾಡಿದ ಚೆಂಡುಗಳೂ ಮಾರಾಟವಾದವು. ಕ್ಷಮಾಪಣೆಗೂ ದರಪಟ್ಟಿ! ಆತ ತೀರಿಕೊಂಡದ್ದು 2024ರ ಸೆಪ್ಟೆಂಬರಿನಲ್ಲಿ. ನಿಷೇಧ ತೆರವಾದದ್ದು 2025ರ ಮೇ ತಿಂಗಳಲ್ಲಿ, ಸತ್ತ ಮೇಲೆ.

ಬೆಲೆ ಇರುವ ಕಡೆ ನಕಲಿಯೂ ಬರುತ್ತದೆ. ಸ್ಯಾನ್ ಡಿಯೇಗೋದ ಆಟಗಾರ ಟೋನಿ ಗ್ವಿನ್ ಒಮ್ಮೆ ತನ್ನದೇ ತಂಡದ ಅಂಗಡಿಯಲ್ಲಿ ತನ್ನ ಸಹಿ ಇರುವ ವಸ್ತುಗಳನ್ನು ನೋಡಿ ಇವು ನನ್ನ ಸಹಿ ಅಲ್ಲ ಅಂದ. ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಅಂತ ತನಿಖೆ ನಡೆಸಿ 1999ರ ಅಕ್ಟೋಬರಿನಲ್ಲಿ ದಾಳಿ ಮಾಡಿದಾಗ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಜಾಲವೇ ಸಿಕ್ಕಿಬಿತ್ತು. ಹಳೆಯ ಚೆಂಡು ತಂದು, ಅರಗಿನ ವಾರ್ನಿಷ್ ಹಚ್ಚಿ ಇನ್ನಷ್ಟು ಹಳೆಯದು ಮಾಡಿ, ರೂತ್, ಮ್ಯಾಂಟಲ್, ವಿಲಿಯಮ್ಸ್ ಯಾರ ಸಹಿ ಬೇಕಾದರೂ ಹಾಕಿಕೊಡುತ್ತಿದ್ದರು. ವಶಪಡಿಸಿಕೊಂಡ ಮಾಲಿನಲ್ಲಿ ಮದರ್ ತೆರೇಸಾ ಸಹಿ ಇದ್ದ ಬೇಸ್‌ಬಾಲ್ ಕೂಡ ಇತ್ತು! ಕೊಲ್ಕತ್ತಾದ ಆ ತಾಯಿ ಯಾವಾಗ ಬೇಸ್‌ಬಾಲ್ ಹಿಡಿದಿದ್ದರೋ...

ಇದರ ನಂತರ ಮೇಜರ್ ಲೀಗ್ ಬೇಸ್‌ಬಾಲ್ 2001ರಲ್ಲಿ ದೃಢೀಕರಣದ ವ್ಯವಸ್ಥೆ ತಂದಿತು. ಆಟಗಾರ ಸಹಿ ಹಾಕುವಾಗ ಒಬ್ಬ ಸಾಕ್ಷಿ ಪಕ್ಕದಲ್ಲೇ ಇರಬೇಕು, ಹೆಚ್ಚಾಗಿ ಪೊಲೀಸ್ ಕೆಲಸದಲ್ಲಿದ್ದವರು. ಆಮೇಲೆ ನಂಬರ್ ಇರುವ ಹೋಲೋಗ್ರಾಂ ಅಂಟಿಸುತ್ತಾರೆ. ನನಗೆ ಈ ಚರಿತ್ರೆಯಲ್ಲಿ ಅತಿ ಬೇಸರ ತರಿಸುವ ವಿವರ ಇದೇ. ಜಾನಿ ಸಿಲ್ವೆಸ್ಟರ್‌ಗೆ ಯಾವ ಹೋಲೋಗ್ರಾಂ ಬೇಕಿತ್ತು? ಸಹಿ ಪಡೆದವನೇ ಸಾಕ್ಷಿಯಾಗಿದ್ದ ಕಾಲ ಹೋಗಿ, ಪೊಲೀಸ್ ನಿಂತು ನೋಡಬೇಕಾದ ಕಾಲ ಬಂತು.

ಟೆಡ್ ವಿಲಿಯಮ್ಸ್ ಕಥೆಯ ಕೊನೆಯ ಭಾಗವನ್ನು ಇಲ್ಲಿ ಹೇಳಬೇಕು. ವಯಸ್ಸಾದ ಮೇಲೆ ಆತ ಮೆತ್ತಗಾದ. 1991ರ ಮೇ ತಿಂಗಳಲ್ಲಿ ಫೆನ್‌ವೇ ಪಾರ್ಕಿನಲ್ಲಿ ಟೋಪಿ ತೆಗೆದು ಬಾಸ್ಟನ್ನಿನ ಜನರಿಗೆ ಬೀಸಿದ. ಜಗಳ ಮುಗಿಯಿತು. ಆದರೆ ಆಗ ಆತನ ಸಹಿ ದೊಡ್ಡ ವ್ಯಾಪಾರವಾಗಿತ್ತು, ಮಗ ಜಾನ್ ಹೆನ್ರಿ ಅದನ್ನು ನೋಡಿಕೊಳ್ಳುತ್ತಿದ್ದ. 2002ರ ಜುಲೈನಲ್ಲಿ ವಿಲಿಯಮ್ಸ್ ಸತ್ತಾಗ ಮಗ ಶವವನ್ನು ಅರಿಜೋನಾದ ಒಂದು ಸಂಸ್ಥೆಗೆ ಕಳಿಸಿ ಶೈತ್ಯದಲ್ಲಿ ಇಡಿಸಿದ. ಮುಂದೊಂದು ದಿನ ವಿಜ್ಞಾನ ಬದುಕಿಸಬಹುದು ಅಂತ. ಹಿರಿಯ ಮಗಳು ಒಪ್ಪಲಿಲ್ಲ. ಅಪ್ಪ ಉಯಿಲಿನಲ್ಲಿ ದಹನ ಮಾಡಿ ಅಂತ ಬರೆದಿದ್ದಾನೆ ಅಂತ ಆಕೆಯ ವಾದ. ಆಗ ಮಗನ ಕಡೆಯಿಂದ ಒಂದು ಕಲೆಯಾದ ಕಾಗದ ಹೊರಬಂತು. ನಾವು ಮೂವರೂ ಹೀಗೆ ಇರಿಸಿಕೊಳ್ಳಲು ಒಪ್ಪಿದ್ದೇವೆ ಅಂತ ಕೈಬರಹ, ಕೆಳಗೆ 'ಟೆಡ್ ವಿಲಿಯಮ್ಸ್' ಅಂತ ಸಹಿ.

ಆತನ ಜೀವನಚರಿತ್ರೆ ಬರೆದ ಲೀ ಮಾಂಟ್‌ವಿಲ್ ಇದರ ಬಗ್ಗೆ ಒಂದು ಅನುಮಾನ ಎತ್ತಿದ್ದಾನೆ. ಕಾನೂನಿನ ಕಾಗದಗಳಿಗೆ ವಿಲಿಯಮ್ಸ್ 'ಥಿಯೋಡೋರ್' ಎಂದೇ ಸಹಿ ಹಾಕುತ್ತಿದ್ದ, 'ಟೆಡ್' ಅನ್ನುವುದು ಆಟೋಗ್ರಾಫಿನ ಸಹಿ. ಅಭ್ಯಾಸಕ್ಕೆ ಅಂತ ಖಾಲಿ ಹಾಳೆಯ ಮೇಲೆ ಹಾಕಿದ್ದ ಸಹಿಯ ಸುತ್ತ ಆಮೇಲೆ ಒಪ್ಪಂದ ಬರೆದಿರಬಹುದು ಅನ್ನುವುದು ಮಾಂಟ್‌ವಿಲ್ ವಾದ. ಕಿರಿಯ ಮಗಳು ಕ್ಲೌಡಿಯಾ ಮಾತ್ರ ಕಾಗದ ಅಸಲಿ ಎಂದು ಪ್ರಮಾಣ ಮಾಡಿದಳು. ಹಿರಿಯ ಮಗಳು ಹಣದ ತೊಂದರೆಯಿಂದ ಕೇಸು ಕೈಬಿಟ್ಟಳು. ಯಾರದ್ದು ಸರಿ ಅಂತ ತೀರ್ಪು ಹೇಳುವ ಜಾಗದಲ್ಲಿ ನಾನಿಲ್ಲ. ಆದರೆ ಇಪ್ಪತ್ತು ವರ್ಷ ಟೋಪಿ ಎತ್ತದ ಮನುಷ್ಯನ ಸಹಿ ಕೊನೆಗೆ ಎಲ್ಲಿಗೆ ಬಂದು ನಿಂತಿತು ನೋಡಿ. ಇದು ಆತನ ಮನಸ್ಸಿನ ಮಾತೋ ಅಥವಾ ಮಾರಲಿಕ್ಕೆ ಹಾಕಿದ ಸಹಿಯೋ ಅಂತ ಸ್ವಂತ ಮಕ್ಕಳೇ ಬಡಿದಾಡುವ ಹಾಗಾಯಿತು.

ಹಾಗಾದರೆ ಬೆಲೆಯ ಕೈಯಿಂದ ತಪ್ಪಿಸಿಕೊಂಡವರು ಯಾರೂ ಇಲ್ಲವೇ? ಇದ್ದಾರೆ. ಒಂದು ದಾರಿ, ಬೆಲೆಯೇ ಉಳಿಯದಷ್ಟು ಕೊಡುವುದು. ಬಾಬ್ ಫೆಲರ್ ಎಂಬ ಬೌಲರ್ (ಅವರ ಭಾಷೆಯಲ್ಲಿ ಪಿಚರ್) ಎಷ್ಟು ಸಹಿ ಹಾಕಿದ ಅಂದರೆ, ಫೆಲರ್ ಸಹಿ ಇಲ್ಲದ ಚೆಂಡು ಸಿಗುವುದೇ ಕಷ್ಟ ಅಂತ ಅಲ್ಲಿ ಜೋಕು. ನಮಗೆ ಪರಿಚಯದ ಕ್ರಿಕೆಟ್‌ನಲ್ಲಿ ಡಾನ್ ಬ್ರಾಡ್ಮನ್ ಹಾಗೆ. 1948ರ ಇಂಗ್ಲೆಂಡ್ ಪ್ರವಾಸದಲ್ಲಿ ಆತನಿಗೆ ದಿನಕ್ಕೆ ನೂರಾರು ಪತ್ರ ಬರುತ್ತಿದ್ದವು. ಜನರ ಗದ್ದಲ ಕಂಡರೆ ಆಗದ, ಒಬ್ಬಂಟಿ ಸ್ವಭಾವದ ಮನುಷ್ಯ. ಆದರೂ ಅಡಿಲೇಡ್‌ನ ಮನೆಯಲ್ಲಿ ಕೂತು ಮುಪ್ಪಿನವರೆಗೂ ಅಪರಿಚಿತರ ಪತ್ರಗಳಿಗೆ ಉತ್ತರ ಬರೆದ, ಸಹಿ ಹಾಕಿ ಕಳಿಸಿದ.

ಇನ್ನೊಂದು ದಾರಿ ಕಾಲ್ ರಿಪ್ಕನ್‌ನದು. 1994ರ ಆಗಸ್ಟಿನಲ್ಲಿ ಆಟಗಾರರ ಮುಷ್ಕರದಿಂದ ಆಟ ನಿಂತು ಆ ವರ್ಷದ ವರ್ಲ್ಡ್ ಸೀರೀಸೇ ರದ್ದಾಯಿತು. ಲಕ್ಷಾಧಿಪತಿಗಳಿಗೂ ಕೋಟ್ಯಧಿಪತಿಗಳಿಗೂ ಜಗಳ, ನಾವ್ಯಾಕೆ ನೋಡಬೇಕು ಅಂತ ಜನ ರೋಸಿಹೋಗಿದ್ದರು. ಮರುವರ್ಷ ರಿಪ್ಕನ್ ಎಷ್ಟೋ ಆಟಗಳು ಮುಗಿದ ಮೇಲೆ ಮೈದಾನದಲ್ಲೇ ಉಳಿದು ಬೇಲಿಯ ಪಕ್ಕ ಸಹಿ ಹಾಕುತ್ತಾ ನಿಲ್ಲುತ್ತಿದ್ದ. ಸೆಪ್ಟೆಂಬರ್ 6ರಂದು ಸತತ 2131ನೇ ಆಟ ಆಡಿ ದಾಖಲೆ ಮುರಿದಾಗ ಮೈದಾನ ಸುತ್ತಿ ಜನರ ಕೈ ಮುಟ್ಟಿದ. ಆಟ ಇಪ್ಪತ್ತೆರಡು ನಿಮಿಷ ನಿಂತಿತ್ತು. ಜನ ಮೈದಾನಕ್ಕೆ ಮರಳಿದ್ದರಲ್ಲಿ ಆ ಒಬ್ಬನ ಪಾಲು ದೊಡ್ಡದು ಅನ್ನುತ್ತಾರೆ.

ಈಗ ಸಹಿಯ ಜಾಗಕ್ಕೆ ಸೆಲ್ಫಿ ಬಂದಿದೆ. ಅಲ್ಲೂ, ಇಲ್ಲೂ. ಸೆಲ್ಫಿಯ ಬಗ್ಗೆ ಗೊಣಗುವವರು ಬಹಳ. ಆದರೆ ಅದರಲ್ಲಿ ಒಂದು ಒಳ್ಳೆಯದಿದೆ. ನಿಮ್ಮ ಮುಖ ಇರುವ ಫೋಟೋವನ್ನು ಯಾರೂ ಕೊಳ್ಳುವುದಿಲ್ಲ :) ಹೆಸರು ಬರೆಸಿಕೊಂಡ ಚೆಂಡಿನ ಹಾಗೆ ಅದು ನಿಮಗೆ ಮಾತ್ರ ಬೆಲೆಯುಳ್ಳದ್ದು. ಒಂದು ರೀತಿಯಲ್ಲಿ ವ್ಯಾಪಾರಿ ಪಕ್ಕಕ್ಕೆ ಸರಿದು ಮತ್ತೆ ಇಬ್ಬರೇ ಉಳಿದಂತಾಯಿತು. ಕೊರತೆ ಅಂದರೆ ಇಬ್ಬರೂ ಈಗ ಒಬ್ಬರನ್ನೊಬ್ಬರು ನೋಡುವುದಿಲ್ಲ, ಫೋನು ನೋಡುತ್ತಾರೆ.

ಕೊನೆಯದಾಗಿ ಹಾರ್ಮನ್ ಕಿಲ್ಲಬ್ರೂ ಬಗ್ಗೆ. ಮಿನೆಸೋಟ ತಂಡಕ್ಕೆ ಆಡಿದವನು, 573 ಹೋಂ ರನ್. ನಿವೃತ್ತನಾದ ಮೇಲೂ ತಂಡದ ಹೊಸ ಹುಡುಗರ ಜೊತೆ ಒಡನಾಡುತ್ತಿದ್ದ. ಟೋರಿ ಹಂಟರ್‌ನಂಥ ಯುವ ಆಟಗಾರರ ಗೀಚು ಸಹಿ ನೋಡಿ ಅವರನ್ನು ಕೂರಿಸಿ ಬುದ್ಧಿ ಹೇಳುತ್ತಿದ್ದ. ಹೆಸರನ್ನು ಓದಲು ಬರುವ ಹಾಗೆ ಬರೆಯಿರಿ, ಪ್ರತಿ ಅಕ್ಷರವೂ ಕಾಣಬೇಕು ಅಂತ. ಮುಂದೆ ಯಾವಾಗಲೋ ಆ ಚೆಂಡನ್ನು ಕೈಗೆತ್ತಿಕೊಂಡ ಮಗುವಿಗೆ ಇದು ಯಾರು ಅಂತ ತಿಳಿಯಬೇಕಲ್ಲ. ಆತ 2011ರಲ್ಲಿ ತೀರಿಕೊಂಡ. ಆತನಿಂದ ಕಲಿತವರು ಅದೇ ಮಾತನ್ನು ತಮಗಿಂತ ಕಿರಿಯರಿಗೆ ಹೇಳಿಕೊಟ್ಟರು.

ಸಹಿ ಕೊಟ್ಟನೋ ಇಲ್ಲವೋ ಅನ್ನುವ ಅಳತೆಗೋಲಿನ ಮೇಲೆ ನನಗೆ ಈಗ ನಂಬಿಕೆ ಇಲ್ಲ. ರಸೆಲ್ ಕೊಡಲಿಲ್ಲ, ಮ್ಯಾಂಟಲ್ ದುಡ್ಡಿಗೆ ಕೊಟ್ಟ, ವಿಲಿಯಮ್ಸ್ ಜನರಿಗೆ ಟೋಪಿಯನ್ನೂ ಎತ್ತದೆ ಮಕ್ಕಳ ಹತ್ತಿರ ಹೋಗಿ ಕೂತ. ಮೂವರಲ್ಲಿ ಯಾರನ್ನೂ ಕೆಟ್ಟವರು ಅನ್ನಲು ನನಗೆ ಬಾಯಿ ಬರುವುದಿಲ್ಲ. ಇಷ್ಟಕ್ಕೂ ಮೀರಿ ಅಳೆಯಲೇಬೇಕು ಅಂದರೆ ಕಿಲ್ಲಬ್ರೂನ ಅಳತೆಗೋಲು ವಾಸಿ. ಕೊಟ್ಟ ಸಹಿಯನ್ನು ಓದಲು ಬರುತ್ತದೆಯೇ?